ಉಪ್ಪು ಸಾದಾ ಇರಲಿ, ಸಂಬಾರ ತಾಜಾ ಇರಲಿ: ಅಡುಗೆಮನೆಯ ಕಪಾಟು ತುಂಬಿಸುವ ಸಮಗ್ರ ಮಾರ್ಗದರ್ಶಿ

ಗುಲಾಬಿ ಉಪ್ಪು, ಕಪ್ಪುಪ್ಪು, ಹೊಗೆ ಹಿಡಿಸಿದ ಉಪ್ಪು ಎಂದು ಸಾಲಾಗಿ ಶೀಶೆಗಳನ್ನು ಜೋಡಿಸಿ, ಅದರ ಪಕ್ಕದಲ್ಲೇ ಎಂದೋ ತಂದ ಮೆಣಸಿನ ಪುಡಿಯನ್ನು ಹಾಗೆಯೇ ಉಳಿಸಿಕೊಂಡಿರುವ ಅಡುಗೆಮನೆಗಳು ಎಷ್ಟೋ. ಹಣ ಹೋಗಬೇಕಾದ ಕಡೆ ಹೋಗಿಲ್ಲ ಎಂದೇ ನನ್ನ ಅಭಿಪ್ರಾಯ. ಉಪ್ಪು ಕೆಡುವ ವಸ್ತುವಲ್ಲ. ಬೆಂದ ಅಡುಗೆಯಲ್ಲಿ ಕರಗಿದ ಮೇಲೆ ಒಂದು ಬಗೆಗೂ ಇನ್ನೊಂದು ಬಗೆಗೂ ನಾಲಿಗೆಗೆ ತಿಳಿಯುವ ವ್ಯತ್ಯಾಸ ತೀರಾ ಕಡಿಮೆ. ಸಂಬಾರ ಪದಾರ್ಥದ ಕಥೆ ಬೇರೆ. ಅದರ ಜೀವ ಇರುವುದು ಆವಿಯಾಗಿ ಹೋಗುವ ಎಣ್ಣೆಯಲ್ಲಿ, ಆ ಎಣ್ಣೆ ದಿನದಿನಕ್ಕೂ ಕಡಿಮೆಯಾಗುತ್ತಲೇ ಇರುತ್ತದೆ. ಹಾಗಾಗಿ ಎರಡು ಮೂರು ಬಗೆಯ ಉಪ್ಪು, ಆದಷ್ಟೂ ಪುಡಿ ಮಾಡದ ಸಂಬಾರ, ಬೇಗ ಮುಗಿಯುವಷ್ಟೇ ಪ್ರಮಾಣ: ಈ ಲೆಕ್ಕದ ಮೇಲೆ ಕಪಾಟು ಕಟ್ಟುವುದು ಹೇಗೆಂದು ನೋಡೋಣ.

ಹಂತ 1: ಇರುವುದನ್ನೆಲ್ಲ ಹೊರಗೆ ತೆಗೆಯಿರಿ

ಹೊಸದನ್ನು ಕೊಳ್ಳುವ ಮುಂಚೆ ಹಳೆಯದರ ವಿಚಾರಣೆ ಆಗಬೇಕು. ಡಬ್ಬಿಗಳನ್ನೆಲ್ಲ ಮೇಜಿನ ಮೇಲಿಟ್ಟು ಒಂದೊಂದನ್ನೂ ಮೂಸಿ ನೋಡಿ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವ ವಾಸನೆಯನ್ನು ನಂಬಬೇಡಿ, ಅದು ಡಬ್ಬಿಯೊಳಗೆ ಕೂಡಿಕೊಂಡಿದ್ದ ಗಾಳಿಯದು. ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ, ಕ್ಷಣ ಬಿಟ್ಟು ಮೂಸಿ. ಇಡಿಯ ಕಾಳಾದರೆ ಒಂದೆರಡನ್ನು ಜಜ್ಜಿ ನೋಡಿ. ಉಜ್ಜಿದ ಮೇಲೂ ಘಮ ಏಳದಿದ್ದರೆ ಅದರ ಕಾಲ ಮುಗಿಯಿತು.

ಘಮವಿಲ್ಲದ್ದು ಮತ್ತು ಕೆಟ್ಟದ್ದು ಒಂದೇ ಅಲ್ಲ ಎಂಬುದು ನೆನಪಿರಲಿ. ಮಂಕಾದ ಜೀರಿಗೆಯಿಂದ ಯಾರಿಗೂ ಅಪಾಯವಿಲ್ಲ, ಸ್ವಲ್ಪ ಹೆಚ್ಚು ಹಾಕಿ ಬೇಗ ಮುಗಿಸಿಬಿಡಬಹುದು. ಆದರೆ ಮುಗ್ಗಲು ವಾಸನೆ, ಬೂಷ್ಟು, ಜೇಡರ ಬಲೆಯಂಥ ಎಳೆ, ಹುಳು ಕಂಡರೆ ಕನಿಕರ ಬೇಡ, ನೇರ ಕಸಕ್ಕೆ. ತೇವದಲ್ಲಿ ಬೂಷ್ಟು ಹಿಡಿದ ಒಣಮೆಣಸಿನಕಾಯಿ, ಜಾಯಿಕಾಯಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರುವ ಸಾಧ್ಯತೆ ಇದೆ. ಅಡುಗೆಯ ಕಾವಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ಬಿಸಿಲಿಗೆ ಹಾಕಿ ಬೂಷ್ಟು ಒರೆಸಿ ಬಳಸುವ ಜಿಪುಣತನ ಇಲ್ಲಿ ಸಲ್ಲದು. ಗಸಗಸೆ, ಎಳ್ಳಿನಂಥ ಎಣ್ಣೆಕಾಳುಗಳು ಬೂಷ್ಟು ಹಿಡಿಯುವ ಮೊದಲೇ ಕಮಟುತ್ತವೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ಸಾಕು, ನಾಲಿಗೆ ಹೇಳುತ್ತದೆ.

ಹಂತ 2: ನಿಮ್ಮ ಅಡುಗೆಯನ್ನು ಬರೆದುಕೊಳ್ಳಿ

ಒಂದು ವಾರದಲ್ಲಿ ಏನೇನು ಬೇಯಿಸಿದಿರಿ, ಯಾವ ಡಬ್ಬಿಗೆ ಎಷ್ಟು ಸಲ ಕೈ ಹಾಕಿದಿರಿ ಎಂದು ಗುರುತು ಹಾಕಿಕೊಳ್ಳಿ. ದಿನವೂ ಬೇಕಾದವು ಕೆಲವೇ ಇರುತ್ತವೆ. ಅವನ್ನು ತಲಾ 100 ಗ್ರಾಂ ತನ್ನಿ. ಅಪರೂಪಕ್ಕೆ ಬೇಕಾಗುವ ಲವಂಗ, ಜಾಪತ್ರೆಯಂಥವು 20-25 ಗ್ರಾಂ ಇದ್ದರೆ ಧಾರಾಳ. ಯಾವುದೋ ಒಂದು ಅಡುಗೆಗೆಂದು ಅರ್ಧ ಚಮಚ ಬೇಕಾದ ಸಂಬಾರವನ್ನು ದೊಡ್ಡ ಪೊಟ್ಟಣದಲ್ಲಿ ಕೊಳ್ಳುವುದು ಅಗ್ಗವೆಂದು ಕಾಣುತ್ತದೆ, ಉಳಿದದ್ದು ಘಮ ಕಳೆದುಕೊಂಡು ಕೂತಾಗ ಅದೇ ದುಬಾರಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಇಪ್ಪತ್ತು ಶೀಶೆಗಳ ಉಡುಗೊರೆ ಪೆಟ್ಟಿಗೆಯನ್ನಂತೂ ಕೊಳ್ಳಲೇಬೇಡಿ. ಅದರಲ್ಲಿ ಅರ್ಧಕ್ಕರ್ಧ ನಿಮಗೆ ಬೇಡದ್ದೇ ಇರುತ್ತದೆ.

ಹಂತ 3: ಉಪ್ಪನ್ನು ಆರಿಸಿ

ನಾವು ತಿನ್ನುವ ಉಪ್ಪಿನ ಬಹುಭಾಗ ಒಂದಲ್ಲ ಒಂದು ಕಾಲದ ಸಮುದ್ರದ ನೀರಿನಿಂದ ಬಂದದ್ದು. ಕೆಲವು ಸಮುದ್ರಗಳು ಇಂದೂ ಇವೆ, ಕೆಲವು ಕೋಟ್ಯಂತರ ವರ್ಷಗಳ ಹಿಂದೆಯೇ ಬತ್ತಿ ಬಂಡೆಯಾಗಿವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಬಿಸಿಲಿಗೆ ನೀರು ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ತಳ ಸೇರುತ್ತವೆ, ಅನಂತರ ನಮ್ಮ ಉಪ್ಪು ಹರಳುಗಟ್ಟುತ್ತದೆ. ಕೊನೆಯಲ್ಲಿ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಲವಣಗಳಿರುತ್ತವೆ. ಕಲ್ಲುಪ್ಪು ಮಳೆಗಾಲದಲ್ಲಿ ನೀರು ಬಿಡುವುದಕ್ಕೂ ಕೆಲವೊಮ್ಮೆ ನಾಲಿಗೆಗೆ ಸಣ್ಣ ಕಹಿ ತಗಲುವುದಕ್ಕೂ ಈ ಮೆಗ್ನೀಸಿಯಂ ಕ್ಲೋರೈಡೇ ಕಾರಣ. ಹಾಗೆ ಒದ್ದೆಯಾದ ಕಲ್ಲುಪ್ಪನ್ನು ತೂತಿನ ಪಾತ್ರೆಯಲ್ಲಿ ಹಾಕಿ ಒಂದು ರಾತ್ರಿ ಸೋರಲು ಬಿಟ್ಟರೆ ಕಹಿಯ ಬಹುಭಾಗ ಆ ನೀರಿನೊಂದಿಗೇ ಇಳಿದುಹೋಗುತ್ತದೆ.

ಗುಲಾಬಿ ಬಣ್ಣದ ಸೈಂಧವ ಲವಣದ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ, ಏಕೆಂದರೆ ‘ನೈಸರ್ಗಿಕ’ ಎಂಬ ಚೀಟಿಯಡಿ ಅತಿ ಹೆಚ್ಚು ಮಾತು ಮಾರಾಟವಾಗುವುದು ಇಲ್ಲೇ. ಪಾಕಿಸ್ತಾನದ ಖೇವ್ರಾ ಗಣಿ ಇದರ ಹೆಸರಾಂತ ಮೂಲ. ಬಣ್ಣ ಕಬ್ಬಿಣದ ಆಕ್ಸೈಡಿನದು. ಇದರಲ್ಲಿಯೂ ಶೇ. 98ರ ಆಸುಪಾಸು ಸೋಡಿಯಂ ಕ್ಲೋರೈಡೇ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಆ 5 ಗ್ರಾಂ ಪೂರ್ತಿ ಗುಲಾಬಿ ಉಪ್ಪೇ ಆದರೂ ಉಳಿದೆಲ್ಲ ಖನಿಜಗಳು ಸೇರಿ 100 ಮಿಲಿಗ್ರಾಂ ಆಗುತ್ತವೆ. ಮಣ್ಣು, ಕಲ್ಲಿನ ಕಣ ಇದ್ದರೆ ಅದೂ ಅದರಲ್ಲೇ ಸೇರಿತು. ಖನಿಜಕ್ಕಾಗಿ ಈ ಉಪ್ಪು ತಿನ್ನುವವರು ಒಂದು ಹಿಡಿ ಸೊಪ್ಪು ತಿಂದರೆ ಎಷ್ಟೋ ಮೇಲು. ರುಚಿಗೆ, ಅಂದಕ್ಕೆ ಇಷ್ಟವಾದರೆ ಇಟ್ಟುಕೊಳ್ಳಿ, ತಕರಾರಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ 250. ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಬೆರೆಸಿದ ಉಪ್ಪನ್ನು 5 ಗ್ರಾಂ ತಿಂದರೆ ಸರಿಯಾಗಿ 150 ಮೈಕ್ರೋಗ್ರಾಂ ಸಿಕ್ಕಂತಾಯಿತು. ಸಂಸ್ಕರಿಸದ ಸಮುದ್ರದ ಉಪ್ಪಾಗಲಿ ಸೈಂಧವ ಲವಣವಾಗಲಿ ಈ ಕೊರತೆಯನ್ನು ತುಂಬುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ 1924ರಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಲು ತೊಡಗಿದ್ದು, ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡ ರೋಗವನ್ನು ತಡೆಯಲೆಂದೇ. ಆದ್ದರಿಂದ ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ, ಉಳಿದವು ಅದರ ಜೊತೆಗೆ ಬರಲಿ. ಅಯೋಡಿನ್ ತೇವಕ್ಕೂ ಬೆಳಕಿಗೂ ನಿಧಾನವಾಗಿ ಕಳೆದುಹೋಗುತ್ತದೆ. ಮುಚ್ಚಳ ಬಿಗಿಯಾಗಿರಲಿ, ಸಾಧ್ಯವಾದಲ್ಲಿ ಉಪ್ಪನ್ನು ಅಡುಗೆಯ ಕೊನೆಯ ಹೊತ್ತಿಗೆ ಹಾಕಿ.

ಕಲ್ಲುಪ್ಪಿನ ಜಾಗ ತರಕಾರಿಯನ್ನು ಉಪ್ಪುನೀರಿನಲ್ಲಿ ಹುದುಗಿಸುವ ಕಡೆ, ಮಾಂಸಕ್ಕೆ ಸವರುವ ಕಡೆ. ಗಡ್ಡೆ ಕಟ್ಟದಿರಲೆಂದು ಪುಡಿ ಉಪ್ಪಿಗೆ ಸೇರಿಸುವ ಪದಾರ್ಥಗಳಿಂದ ನೀರು ಮಬ್ಬಾಗುತ್ತದೆ, ಕಲ್ಲುಪ್ಪಿನಲ್ಲಿ ಆ ಕಾಟವಿಲ್ಲ. ಹುದುಗಿಸಲು ತರಕಾರಿಯ ತೂಕದ ಶೇ. 2ರಷ್ಟು ಉಪ್ಪು ರೂಢಿಯ ಪ್ರಮಾಣ, ಅಂದರೆ ಕಿಲೋಗೆ 20 ಗ್ರಾಂ. ಇಲ್ಲಿ ಚಮಚದ ಅಳತೆ ಕೈಕೊಡುತ್ತದೆ. ಒಂದು ಸಣ್ಣ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗಿದರೆ, ಹಗುರವಾದ ಹಾಳೆ ಹಾಳೆಯ ಉಪ್ಪು ಅದೇ ಚಮಚದಲ್ಲಿ ಅದರ ಅರ್ಧದಷ್ಟೇ ಇರಬಹುದು. ಉಪ್ಪಿನ ಬಗೆ ಬದಲಾಯಿಸಿದಾಗ ಅಡುಗೆ ಉಪ್ಪುಪ್ಪಾಗುವುದೋ ಸಪ್ಪೆಯಾಗುವುದೋ ಇದರಿಂದಲೇ. ಗ್ರಾಂ ತೋರಿಸುವ ಪುಟ್ಟ ತೂಕದ ಯಂತ್ರ ಅಡುಗೆಮನೆಯಲ್ಲಿ ಇರಬೇಕು.

ಕಪ್ಪುಪ್ಪು ನೆಲದಿಂದ ಹಾಗೆಯೇ ಬರುವುದಿಲ್ಲ. ಉಪ್ಪನ್ನು ಇದ್ದಿಲು, ಕೆಲವು ಕಾಯಿಬೀಜಗಳೊಂದಿಗೆ ಕುಲುಮೆಯಲ್ಲಿ ಕಾಯಿಸಿ ಮಾಡುತ್ತಾರೆ. ಬೇಯಿಸಿದ ಮೊಟ್ಟೆಯ ವಾಸನೆ ಗಂಧಕದ ಸಂಯುಕ್ತಗಳದು. ಕುದಿಸಿದರೆ ಅದು ಹಾರಿಹೋಗುವುದರಿಂದ ಒಲೆಯಿಂದ ಇಳಿಸಿದ ಮೇಲೆ, ಇಲ್ಲವೇ ತಣ್ಣನೆಯ ಪಾನೀಯ, ಹಣ್ಣಿನ ಮೇಲೆ ಉದುರಿಸಿ. 50 ಗ್ರಾಂ ಬಹಳ ದಿನ ಬರುತ್ತದೆ.

ಸೋಡಿಯಂ ಕಡಿಮೆ ಇರುವ ಉಪ್ಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡದ ಕೆಲವು ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಹಂತ 4: ಇಡಿಯಾಗಿ ಯಾವುದು, ಪುಡಿಯಾಗಿ ಯಾವುದು

ಕಾಳನ್ನು ಪುಡಿ ಮಾಡಿದಾಗ ಗಾಳಿಗೆ ತೆರೆದುಕೊಳ್ಳುವ ಮೈ ನೂರಾರು ಪಟ್ಟು ಹೆಚ್ಚುತ್ತದೆ, ಎಣ್ಣೆ ಅಷ್ಟೇ ಬೇಗ ಹಾರುತ್ತದೆ. ಇದಕ್ಕೆ ಕಾಳುಮೆಣಸಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಖಾರಕ್ಕೆ ಕಾರಣವಾದ ಪೈಪರಿನ್ ಸುಲಭವಾಗಿ ಆವಿಯಾಗುವುದಿಲ್ಲ, ಘಮ ಕೊಡುವ ಎಣ್ಣೆ ಆವಿಯಾಗುತ್ತದೆ. ಹಳೆಯ ಮೆಣಸಿನ ಪುಡಿ ಗಂಟಲಿಗೆ ಹತ್ತಿದರೂ ಮೂಗಿಗೆ ಏನೂ ಹೇಳದಿರುವುದು ಈ ಕಾರಣಕ್ಕೆ. ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಮೆಂತ್ಯ, ಸಾಸಿವೆ, ಏಲಕ್ಕಿ, ಲವಂಗ, ಚಕ್ಕೆ, ಜಾಯಿಕಾಯಿ ಇವಿಷ್ಟನ್ನೂ ಇಡಿಯಾಗಿಯೇ ತನ್ನಿ. ಏಲಕ್ಕಿ ಸಿಪ್ಪೆಯೊಂದಿಗೇ ಇರಲಿ, ಬಿಡಿಸಿದ ಬೀಜ ಬೇಗ ಸಪ್ಪೆಯಾಗುತ್ತದೆ.

ಅರಿಸಿನ, ಒಣಶುಂಠಿ, ಇಂಗು ಮಾತ್ರ ಪುಡಿಯಾಗಿ ಬರಲಿ. ಒಣಗಿದ ಅರಿಸಿನದ ಕೊಂಬು ಕಲ್ಲಿನಷ್ಟು ಗಟ್ಟಿ, ಮನೆಯ ಮಿಕ್ಸಿಯ ಬ್ಲೇಡಿಗೆ ಶತ್ರು. ಒಣಮೆಣಸಿನಕಾಯಿ ಇಡಿಯಾಗಿಯೂ ಸ್ವಲ್ಪ ಪುಡಿಯಾಗಿಯೂ ಇದ್ದರೆ ಅನುಕೂಲ. ಖಾರ ಹೆಚ್ಚು ಇರುವುದು ಬೀಜದಲ್ಲೆಂದು ಬಹಳ ಜನ ನಂಬಿದ್ದಾರೆ. ಆದರೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಅಂಶ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಖಾರ ತಗ್ಗಿಸಬೇಕಾದರೆ ಅದನ್ನು ಕೆರೆದು ತೆಗೆಯಿರಿ.

ಸಾಸಿವೆಯದು ವಿಚಿತ್ರ ಸ್ವಭಾವ. ಇಡಿಯ ಕಾಳಿಗೆ ಘಾಟೇ ಇಲ್ಲ. ಅರೆದು ನೀರು ತಾಗಿಸಿದಾಗ ಒಳಗಿನ ಕಿಣ್ವವೊಂದು ಎಚ್ಚೆತ್ತು ಮೂಗಿಗೆ ಹತ್ತುವ ಘಾಟನ್ನು ಹುಟ್ಟಿಸುತ್ತದೆ. ಬಿಸಿ ಎಣ್ಣೆಯಲ್ಲಿ ಸಿಡಿಸಿದರೆ ಆ ಕಿಣ್ವ ಸತ್ತು ಬೀಜ ಬರಿಯ ಹುರಿದ ಪರಿಮಳ ಕೊಡುತ್ತದೆ. ಘಾಟು ಬೇಕೆಂದರೆ ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಬಿಡಿ.

ಚಕ್ಕೆಯಲ್ಲಿ ಎರಡು ಬಗೆ. ಶ್ರೀಲಂಕಾದ ನಿಜ ದಾಲ್ಚಿನ್ನಿ ಕಾಗದದಷ್ಟು ತೆಳುವಾದ ಹಲವು ಪದರಗಳ ಸುರುಳಿ, ಬೆರಳಲ್ಲೇ ಮುರಿಯುತ್ತದೆ, ಘಮ ನವಿರು. ಕ್ಯಾಸಿಯಾ ದಪ್ಪ ತೊಗಟೆ, ಒಂದೇ ಪದರ, ಗಡುಸು, ಘಾಟು ಜೋರು. ಅಡುಗೆಗೆ ಎರಡೂ ಆಗುತ್ತವೆ. ಆದರೆ ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚಿದ್ದು, ಅತಿಯಾದರೆ ಕೆಲವರ ಯಕೃತ್ತಿಗೆ ಹಾನಿ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 2 ಗ್ರಾಂ ಎಂಬುದು ಜರ್ಮನಿಯ ಸರ್ಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆಯ ಲೆಕ್ಕ. ಆರೋಗ್ಯಕ್ಕೆಂದು ದಿನವೂ ಚಮಚಗಟ್ಟಲೆ ನುಂಗುವವರು ಇದನ್ನು ಗಮನಿಸಬೇಕು. ಜಾಯಿಕಾಯಿಯಲ್ಲೂ ಮಿತಿ ಬೇಕು. ಚಿಟಿಕೆ ಪರಿಮಳಕ್ಕೆ, ಇಡೀ ಕಾಯಿಯ ಪುಡಿಯನ್ನು ಒಮ್ಮೆಗೇ ತಿಂದರೆ ಎದೆಬಡಿತ ಏರಿ ಭ್ರಮೆಯೂ ಕವಿಯಬಹುದು.

ಹಂತ 5: ಕೊಳ್ಳುವಾಗ ಪರೀಕ್ಷಿಸಿ

ಗಿರಾಕಿ ಹೆಚ್ಚು ಬರುವ, ದಾಸ್ತಾನು ಬೇಗ ಖಾಲಿಯಾಗುವ ಅಂಗಡಿಯೇ ಒಳ್ಳೆಯ ಅಂಗಡಿ. ಬೆಳಕಿಗೆ ತೆರೆದಿಟ್ಟ ಪಾರದರ್ಶಕ ಭರಣಿಯಲ್ಲಿ ಬಣ್ಣ ಮಾಸಿದ ಪುಡಿ ಕಂಡರೆ ಮುಂದೆ ನಡೆಯಿರಿ. ಮೊದಲ ಸಲ ಎಷ್ಟೇ ಅಗ್ಗವಾಗಿದ್ದರೂ ಕನಿಷ್ಠ ಪ್ರಮಾಣವನ್ನೇ ಕೊಂಡು ಮನೆಯಲ್ಲಿ ನೋಡಿ.

ಲವಂಗದ ಪರೀಕ್ಷೆ ನೋಡಲು ಚೆಂದ. ಮೊಗ್ಗಿನ ತಲೆ ಮುರಿಯದೆ ಇರಬೇಕು. ದೇಟನ್ನು ಉಗುರಿನಿಂದ ಒತ್ತಿದರೆ ಎಣ್ಣೆಯ ಜಿನುಗು ಕಾಣಬೇಕು. ಲೋಟ ನೀರಿಗೆ ನಾಲ್ಕು ಹಾಕಿ: ಎಣ್ಣೆ ತುಂಬಿದ ಲವಂಗ ಮುಳುಗುತ್ತದೆ, ಇಲ್ಲವೇ ತಲೆ ಮೇಲಾಗಿ ನೇರ ನಿಲ್ಲುತ್ತದೆ. ಎಣ್ಣೆ ಹಿಂಡಿ ತೆಗೆದ ಲವಂಗ ಅಡ್ಡಡ್ಡ ತೇಲುತ್ತದೆ. ಕಾಳುಮೆಣಸಿಗೂ ಇದೇ ಲೋಟ ಸಾಕು. ಕಲಬೆರಕೆಗೆ ಸೇರಿಸುವ ಪರಂಗಿ ಬೀಜ ತೇಲುತ್ತದೆ, ಗಟ್ಟಿ ಮೆಣಸು ತಳ ಹಿಡಿಯುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದನ್ನು ಮುರಿದು ನೋಡಿ ತೀರ್ಮಾನಿಸಿ.

ಕೇಸರಿ ಎಳೆಯನ್ನು ಬೆಚ್ಚನೆಯ ನೀರಿಗೆ ಹಾಕಿ ಕಾಯಿರಿ. ನಿಜವಾದದ್ದು ನಿಧಾನವಾಗಿ ಹಳದಿ ಬಿಡುತ್ತ ತಾನು ಕೆಂಪಾಗಿಯೇ ಉಳಿಯುತ್ತದೆ. ನೀರಿಗೆ ಬಿದ್ದ ಕೂಡಲೇ ಕೆಂಪು ಚೆಲ್ಲಿ ಎಳೆ ಬಿಳಚಿಕೊಂಡರೆ ಅದು ಬಣ್ಣ ಹಾಕಿದ ನಾರು. ಮೆಣಸಿನಕಾಯಿ ಪುಡಿಯನ್ನು ನೀರಿನ ಮೇಲೆ ಉದುರಿಸಿದಾಗ ಬಣ್ಣದ ಗೆರೆಗಳು ಇಳಿಯತೊಡಗಿದರೆ ಕೃತಕ ಬಣ್ಣದ ಅನುಮಾನ ಪಡಿ.

ಅರಿಸಿನದ ವಿಷಯದಲ್ಲಿ ಮನೆಯ ಪರೀಕ್ಷೆಯನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. ನೀರಿಗೆ ಹಾಕಿದಾಗ ಗಾಢ ಹಳದಿ ಬಿಟ್ಟರೆ ಕೃತಕ ಬಣ್ಣದ ಸುಳಿವು ಸಿಕ್ಕೀತು. ಆದರೆ ಹೊಳಪಿಗೆಂದು ಬೆರೆಸುವ ಸೀಸದ ಕ್ರೋಮೇಟ್ ಮನೆಯ ಲೋಟದಲ್ಲಿ ಪತ್ತೆಯಾಗುವುದಿಲ್ಲ. ಅದು ಮಕ್ಕಳ ಮಿದುಳಿಗೆ ಹಾನಿ ಮಾಡುವ ವಿಷ. ಹಾಗಾಗಿ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಪಟ್ಟ, ಮೊಹರು ಹಾಕಿದ ಪೊಟ್ಟಣಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ಇಲ್ಲಿ ನ್ಯಾಯ. ಕಣ್ಣು ಕೋರೈಸುವ ಹಳದಿಗೆ ಮರುಳಾಗಬೇಡಿ.

ಇಂಗು ಫೆರುಲಾ ಎಂಬ ಗಿಡದ ಬೇರಿನ ಅಂಟು. ಅಂಗಡಿಯಲ್ಲಿ ಸಿಗುವ ಪುಡಿಯಲ್ಲಿ ಹೆಚ್ಚಿನ ಪಾಲು ಹಿಟ್ಟು, ಗೋಂದು. ಇದು ಮೋಸವಲ್ಲ, ಅಪ್ಪಟ ಇಂಗಿನ ಘಾಟನ್ನು ಪಳಗಿಸುವ ದಾರಿ. ಗೋಧಿ ಒಗ್ಗದವರು ಮಾತ್ರ ಯಾವ ಹಿಟ್ಟು ಹಾಕಿದ್ದಾರೆಂದು ಚೀಟಿ ಓದಬೇಕು. ಅಪ್ಪಟ ಇಂಗನ್ನು ಅಂದಾಜಿಲ್ಲದೆ ಹಾಕಿದರೆ ಉಣ್ಣುವವರ ಮುಖ ಇಂಗು ತಿಂದ ಮಂಗನದಾಗುತ್ತದೆ.

ಹಂತ 6: ಇಡುವ ಜಾಗ, ಇಡುವ ಡಬ್ಬಿ

ಕಾವು, ಬೆಳಕು, ಗಾಳಿ, ತೇವ ಈ ನಾಲ್ಕೂ ಸಂಬಾರದ ವೈರಿಗಳು. ಒಲೆಯ ಮೇಲಿನ ಗೂಡು ಕೈಗೆ ಹತ್ತಿರವಾದರೂ ಅದೇ ಅತ್ಯಂತ ಕೆಟ್ಟ ಜಾಗ. ಫ್ರಿಜ್ಜಿನ ನೆತ್ತಿಯೂ ಬೆಚ್ಚಗಿರುತ್ತದೆ. ಒಲೆಯಿಂದ ದೂರದ, ಬಾಗಿಲಿರುವ ಕಪಾಟು ಅಥವಾ ಎಳೆಯುವ ಖಾನೆ ಉತ್ತಮ. ಡಬ್ಬಿ ಗಾಜಿನದಾಗಲಿ ಸ್ಟೀಲಿನದಾಗಲಿ, ಮುಚ್ಚಳ ಬಿಗಿಯಾಗಿರಬೇಕು. ಪ್ಲಾಸ್ಟಿಕ್ ವಾಸನೆ ಹೀರುತ್ತದೆ, ಲವಂಗದ ಎಣ್ಣೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಉಪ್ಪಿಗೆ ಲೋಹದ ಡಬ್ಬಿ ಬೇಡ, ಗಾಜು ಅಥವಾ ಪಿಂಗಾಣಿ ಇರಲಿ. ಉಪ್ಪು ಬೀಸುವ ಗಿರಣಿಯ ಹಲ್ಲು ಸೆರಾಮಿಕ್‌ನದಾಗಿರಬೇಕು, ಸಾಮಾನ್ಯ ಉಕ್ಕಿನದಾದರೆ ತುಕ್ಕು ಹಿಡಿಯುತ್ತದೆ.

ಹಬೆಯಾಡುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಉದುರಿಸುವ ಅಭ್ಯಾಸವನ್ನು ಇಂದೇ ಬಿಡಿ. ಹಬೆ ಒಳಹೊಕ್ಕು ಪುಡಿ ಗಂಟಾಗುತ್ತದೆ. ಒಣ ಚಮಚದಿಂದ ತೆಗೆದು, ಮುಚ್ಚಳ ಹಾಕಿ, ಆಮೇಲೆ ಪಾತ್ರೆಯತ್ತ ತಿರುಗಿ.

ಕೊತ್ತಂಬರಿ, ಒಣಮೆಣಸಿನಕಾಯಿ, ಒಣಶುಂಠಿಗಳಿಗೆ ಕಂದು ಬಣ್ಣದ ಪುಟ್ಟ ಜೀರುಂಡೆಯ ಕಾಟ ಹೆಚ್ಚು. ತಂದ ಕೂಡಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಹುಳುವೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಪೂರ್ತಿ ಕೋಣೆಯ ಕಾವಿಗೆ ಬರುವ ತನಕ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಗಸಗಸೆ, ಎಳ್ಳಿಗೆ ಫ್ರಿಜ್ಜೇ ಕಾಯಂ ಜಾಗವಾಗಲಿ.

ಹಂತ 7: ಹುರಿಯಿರಿ, ಕುಟ್ಟಿ

ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ, ಹಾಗಾಗಿ ಬೇರೆ ಬೇರೆಯಾಗಿ ಹುರಿಯಿರಿ. ಕೈಯಾಡಿಸುತ್ತಲೇ ಇರಿ. ಜೀರಿಗೆ ಮೊದಲು ಹಸಿ ವಾಸನೆ ಬಿಡುತ್ತದೆ, ಆಮೇಲೆ ಒಂದು ಛಾಯೆ ಕಪ್ಪೇರಿ ಬೀಜಗಳನ್ನು ಹುರಿದ ಪರಿಮಳ ಏಳುತ್ತದೆ. ಆ ಕ್ಷಣದಲ್ಲೇ ತಟ್ಟೆಗೆ ಸುರಿದುಬಿಡಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಹುರಿತ ಮುಂದುವರಿಯುತ್ತದೆ. ಮೆಂತ್ಯ ಇನ್ನೂ ನಾಜೂಕು, ಹೊಂಬಣ್ಣ ದಾಟಿ ಕೆಂಪಾದರೆ ಇಡೀ ಮಿಶ್ರಣವನ್ನು ಕಹಿ ಮಾಡುತ್ತದೆ. ಮೆಣಸಿನಕಾಯಿ ಹುರಿಯುವಾಗ ಕಿಟಕಿ ತೆರೆದಿರಲಿ.

ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ. ಬಿಸಿ ಇರುವಾಗ ಬೀಸಿದರೆ ಹಬೆ ನೀರಾಗಿ ಪುಡಿ ಮುದ್ದೆಗಟ್ಟುತ್ತದೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ, ಒಂದೇ ಸಮನೆ ತಿರುಗಿಸಿದರೆ ಜಾರು ಕಾದು ಘಮ ಅಲ್ಲೇ ಮುಗಿಯುತ್ತದೆ. ಸ್ವಲ್ಪವೇ ಬೇಕಿದ್ದಾಗ ಕುಟ್ಟಾಣಿ ಲೇಸು. ಜಾಯಿಕಾಯಿಯನ್ನು ಬೇಕಾದಾಗ ತುರಿಯಿರಿ, ಉಳಿದ ಕಾಯಿ ವರ್ಷಗಟ್ಟಲೆ ಕೆಡದೆ ಕೂತಿರುತ್ತದೆ.

ಒಂದು ಮಾತು: ಸಂಬಾರಗಳು ಒಣಗಿದವಾದರೂ ಸಾಲ್ಮೊನೆಲ್ಲಾದಂಥ ರೋಗಾಣು ಅವುಗಳಲ್ಲಿ ಬದುಕಿರಬಲ್ಲದು. ಬೇಯಿಸದ ತಿನಿಸಿನ ಮೇಲೆ ಉದುರಿಸಬೇಕಾದ ಕಾಳುಗಳನ್ನು ಮೊದಲು ಚೆನ್ನಾಗಿ ಹುರಿದುಕೊಳ್ಳುವುದು ಒಳಿತು.

ಹಂತ 8: ತಾರೀಕು ಬರೆಯಿರಿ

ಪ್ರತಿ ಡಬ್ಬಿಯ ತಳಕ್ಕೆ ಒಂದು ಪಟ್ಟಿ ಅಂಟಿಸಿ ಕೊಂಡ ತಿಂಗಳು, ವರ್ಷ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳಗಳು ಅದಲುಬದಲಾದಾಗ ಬರೆದದ್ದೂ ಸುಳ್ಳಾಗುತ್ತದೆ. ಚೆನ್ನಾಗಿ ಇಟ್ಟ ಇಡಿಯ ಕಾಳು ಎರಡು ಮೂರು ವರ್ಷ, ಕೊಂಡ ಪುಡಿ ಆರು ತಿಂಗಳಿಂದ ಒಂದು ವರ್ಷ, ಮನೆಯಲ್ಲಿ ಹುರಿದು ಮಾಡಿದ ಪುಡಿ ಒಂದೆರಡು ತಿಂಗಳು ಘಮ ಉಳಿಸಿಕೊಳ್ಳುತ್ತವೆ. ಇವೆಲ್ಲ ಅಂದಾಜು, ಅಂತಿಮ ತೀರ್ಪು ಮೂಗಿನದೇ. ಮಿಶ್ರ ಮಸಾಲೆ ಪುಡಿಯಲ್ಲಿ ಎಲ್ಲಕ್ಕಿಂತ ಬೇಗ ಸೋಲುವ ಸಂಬಾರ ಯಾವುದೋ ಅದರ ಆಯುಸ್ಸೇ ಇಡೀ ಪುಡಿಯ ಆಯುಸ್ಸು, ಆದ್ದರಿಂದ ಅದನ್ನು ಒಮ್ಮೆಗೆ ಅರ್ಧ ಬಟ್ಟಲಿಗಿಂತ ಹೆಚ್ಚು ಮಾಡಬೇಡಿ. ಅದಕ್ಕೆ ಉಪ್ಪನ್ನು ಮೊದಲೇ ಬೆರೆಸುವುದೂ ಬೇಡ, ಉಪ್ಪು ತೇವ ಎಳೆದು ಪುಡಿಯನ್ನು ಗಂಟು ಮಾಡುತ್ತದೆ.

ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿ ಖಾಲಿಯಾದಾಗ ತೊಳೆದು, ಒರೆಸಿ, ಒಂದು ದಿನ ಬಾಯಿ ತೆರೆದಿಟ್ಟು ಪಸೆ ಪೂರ್ತಿ ಆರಿದ ಮೇಲೆ ತುಂಬಿಸಿ. ಅರ್ಧಕ್ಕಿಂತ ಕೆಳಗಿಳಿದ ದೊಡ್ಡ ಶೀಶೆಯ ಕಾಳನ್ನು ಸಣ್ಣದಕ್ಕೆ ವರ್ಗಾಯಿಸಿದರೆ ಒಳಗೆ ಗಾಳಿ ಕಡಿಮೆ, ಜಾಗವೂ ಉಳಿಯುತ್ತದೆ.